ಹಳೇ ಕೊಟ್ಟಿಗೆಯನ್ನು ಮೇಲಿನಿಂದ ಬಿಚ್ಚುತ್ತಾ ಬನ್ನಿ

ಕಂಬಕ್ಕೆ ಹಗ್ಗ ಬಿಗಿದು ಟ್ರ್ಯಾಕ್ಟರ್‌ನಲ್ಲಿ ಎಳೆದರೆ ಹಳೇ ಕೊಟ್ಟಿಗೆ ಕ್ಷಣದಲ್ಲಿ ನೆಲ ಕಚ್ಚುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಅದು ಯಾವ ಕಡೆ ವಾಲುತ್ತದೆ ಅಂತ ಯಾರೂ ಹೇಳಲಾರರು. ಜೊತೆಗೆ, ಇನ್ನೂ ಒಂದು ತಲೆಮಾರು ಬಾಳಬಹುದಾದ ತೊಲೆಗಳು ಸೀಳಿ ಸೌದೆಯಾಗುತ್ತವೆ. ಬಡಗಿಯಾದ ನನಗೆ ಅದನ್ನು ನೋಡಲು ಆಗುವುದಿಲ್ಲ. ಕಟ್ಟಿದವರು ಕೆಳಗಿನಿಂದ ಮೇಲಕ್ಕೆ ಹೋದರು. ಬಿಚ್ಚುವವರು ಮೇಲಿನಿಂದ ಕೆಳಕ್ಕೆ ಬರಬೇಕು.

ಕೆಡವಲು ಅನುಮತಿ ಬೇಕಾ ಅಂತ ಮೊದಲೇ ವಿಚಾರಿಸಿ. ವಿದ್ಯುತ್ತಿನ ವಿಷಯದಲ್ಲಿ ಸುಮ್ನೆ ಸ್ವಿಚ್ ಆಫ್ ಮಾಡಿದರೆ ಸಾಲದು, ಒಳಗೆ ಬರುವ ತಂತಿಯನ್ನೇ ಎಲೆಕ್ಟ್ರಿಷಿಯನ್ ಕೈಯಲ್ಲಿ ಬಿಡಿಸಿ. ಸೂರಿನಲ್ಲಿ ಗೂಬೆಯೋ ಬಾವಲಿಯೋ ಮರಿ ಮಾಡಿದ್ದರೆ, ಅವು ಹಾರುವ ತನಕ ಕಾಯಿರಿ. ಹಳೇ ಹುಲ್ಲಿನ ಬೂಷ್ಟು ಶ್ವಾಸಕೋಶಕ್ಕೆ ಕೆಟ್ಟದ್ದು. ನೀರು ಚಿಮುಕಿಸಿ, ಮುಖಕ್ಕೆ ಮಾಸ್ಕ್ ಹಾಕಿಕೊಂಡೇ ಗುಡಿಸಿ.

ಇನ್ನು ಚಾವಣಿ. ಅಲೆಅಲೆಯಾದ ಹಳೇ ಸಿಮೆಂಟ್ ಶೀಟ್ ಇದ್ದರೆ ಅಲ್ಲೇ ನಿಲ್ಲಿ. ಅದರಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಇರಬಹುದು. ಒಡೆದರೆ, ಕೊಯ್ದರೆ ಕಣ್ಣಿಗೆ ಕಾಣದ ಎಳೆಗಳು ಗಾಳಿಗೆ ಸೇರುತ್ತವೆ. ಅದರಿಂದ ಬರುವ ಶ್ವಾಸಕೋಶದ ಕಾಯಿಲೆ ಕಾಣಿಸಿಕೊಳ್ಳಲು 20-30 ವರ್ಷ ಹಿಡಿಯಬಹುದು. ಅದಕ್ಕೇ ಜನ ಕ್ಯಾರೇ ಅನ್ನುವುದಿಲ್ಲ. ಬಟ್ಟೆಯ ಮಾಸ್ಕ್ ಇದಕ್ಕೆ ತಡೆಯಲ್ಲ. ಈ ಕೆಲಸ ಕಲಿತವರನ್ನೇ ಕರೆಸಿ. ಇಂಥ ಶೀಟ್ ಮೇಲೆ ಕಾಲಿಡುವುದಂತೂ ಬೇಡವೇ ಬೇಡ, ಹಳೆಯದಾದ ಮೇಲೆ ಅದು ದಿಢೀರನೆ ಒಡೆಯುತ್ತದೆ. ಹಂಚಾದರೆ ಎರಡೂ ಇಳಿಜಾರಿನಿಂದ ಸಮಸಮವಾಗಿ ಇಳಿಸುತ್ತಾ ಬನ್ನಿ. ಒಂದೇ ಕಡೆ ಖಾಲಿ ಮಾಡಿದರೆ ಭಾರ ಇನ್ನೊಂದು ಕಡೆಗೆ ಬಿದ್ದು ಇಡೀ ಕಟ್ಟು ಓರೆಯಾಗುತ್ತದೆ.

ಮರಕ್ಕೆ ಕೈ ಹಾಕುವ ಮೊದಲು ಸ್ಕ್ರೂಡ್ರೈವರ್ ತಗೊಂಡು ಪ್ರತಿ ಕಂಬದ ಬುಡ ಚುಚ್ಚಿ ನೋಡಿ. ಗೆದ್ದಲು ತಿಂದಿದ್ದರೆ ಸಲೀಸಾಗಿ ಒಳಗಿಳಿಯುತ್ತದೆ. ಅಂಥ ಕಂಬವನ್ನು ನಂಬಿ ಏಣಿ ಒರಗಿಸಬೇಡಿ. ಆಮೇಲೆ ಕಂಬದಿಂದ ಕಂಬಕ್ಕೆ ಓರೆಯಾಗಿ ಪಟ್ಟಿ ಹೊಡೆಯಿರಿ. ಬಿಚ್ಚುವ ಕೆಲಸಕ್ಕೆ ಹೊಸದಾಗಿ ಮೊಳೆ ಹೊಡೆಯೋದು ಯಾಕೆ ಅಂತ ಅನಿಸಬಹುದು. ಇಷ್ಟು ದಿನ ಕಂಬಗಳು ಆಚೀಚೆ ವಾಲದಂತೆ ಹಿಡಿದಿದ್ದು ಚಾವಣಿ ಮತ್ತು ಗೋಡೆ. ಅವನ್ನು ತೆಗೆದ ಮೇಲೆ ಈ ಪಟ್ಟಿಗಳೇ ಆಸರೆ. ನನಗೆ ಕೇಳಿದರೆ ಇಡೀ ಕೆಲಸದಲ್ಲಿ ಇದರಷ್ಟು ಮುಖ್ಯವಾದದ್ದು ಬೇರೆ ಇಲ್ಲ.

ಮೊದಲು ಹಂಚು ಕೂರುವ ತೆಳು ಪಟ್ಟಿಗಳಾದ ರೀಪು, ಆಮೇಲೆ ರೀಪನ್ನು ಹೊತ್ತ ಇಳಿಜಾರು ಮರಗಳಾದ ಜಂತೆ, ಆಮೇಲೆ ತೊಲೆ, ಕೊನೆಗೆ ಕಂಬ. ಇದೇ ಕ್ರಮ. 4 ಮೀಟರ್ ಉದ್ದ, 15 ಸೆಂ.ಮೀ. ಅಗಲ, 20 ಸೆಂ.ಮೀ. ಎತ್ತರದ ಗಟ್ಟಿ ಮರದ ತೊಲೆ 80 ಕಿಲೋ ದಾಟಬಹುದು. ಅದನ್ನು ಹೆಗಲ ಮೇಲೆ ಇಳಿಸಬೇಡಿ, ಹಗ್ಗ ರಾಟೆ ಬಳಸಿ. ಕೆಳಗೆ ಯಾರೂ ನಿಲ್ಲಬಾರದು. ಎರಡು ಮರ ಸೇರುವ ಜಾಗದಲ್ಲಿ ಮೊಳೆಯಂತೆ ಹೊಡೆದ ಮರದ ಕೀಲು ಇದ್ದರೆ ಅದರ ಸಣ್ಣ ತುದಿ ಹುಡುಕಿ. ಆ ಕಡೆಯಿಂದ ಬಡಿದರೆ ಹೊರಬರುತ್ತದೆ. ದಪ್ಪ ತುದಿಗೆ ಬಡಿದರೆ ಇನ್ನೂ ಬಿಗಿಯುತ್ತದೆ, ಕೊನೆಗೆ ಮರವೇ ಸೀಳುತ್ತದೆ. ಮತ್ತೆ ಜೋಡಿಸುವ ಆಸೆ ಇದ್ದರೆ ಪ್ರತಿ ತುಂಡಿಗೂ ನಂಬರ್ ಬರೆದು ಫೋಟೋ ತೆಗೆದಿಡಿ. ಹಳೇ ಬಣ್ಣ ಬಳಿದ ಹಲಗೆಗಳನ್ನು ಒಲೆಗೆ ಹಾಕಬೇಡಿ, ಆ ಬಣ್ಣದಲ್ಲಿ ಸೀಸ ಇರಬಹುದು.

ಗಂಜಲದ ಗುಂಡಿ ಮುಚ್ಚಿದ್ದರೆ ಒಳಗಿಳಿದು ನೋಡಲು ಹೋಗಬೇಡಿ. ಅಲ್ಲಿ ಸೇರಿಕೊಂಡ ವಿಷಗಾಳಿ ಜೀವ ತೆಗೆಯುತ್ತದೆ. ಬಿದ್ದವರನ್ನು ಎತ್ತಲು ಇಳಿದವರೂ ಸತ್ತಿದ್ದಾರೆ. ಮೇಲಿನಿಂದಲೇ ಖಾಲಿ ಮಾಡಿಸಿ, ಮಣ್ಣು ತುಂಬಿಸಿ.

ಪಾಯ ಕಿತ್ತು ನೆಲ ಸಮ ಮಾಡುವ ಮೊದಲು ದೊಡ್ಡ ಅಯಸ್ಕಾಂತಕ್ಕೆ ಹಗ್ಗ ಕಟ್ಟಿ ಜಾಗವೆಲ್ಲ ಎಳೆದಾಡಿ. ಆ ಜಾಗದಲ್ಲಿ ಮುಂದೆ ದನ ಮೇಯುತ್ತದೆ ಅಲ್ವಾ? ಹುಲ್ಲಿನ ಜೊತೆ ಮೊಳೆ ನುಂಗಿದರೆ ಅದು ಹೊಟ್ಟೆಯ ಗೋಡೆ ಚುಚ್ಚಿ ಹೃದಯದ ತನಕ ಹೋಗಬಲ್ಲದು. ಒಂದು ಸಲ ಉದ್ದಕ್ಕೆ, ಒಂದು ಸಲ ಅಡ್ಡಕ್ಕೆ ಎಳೆಯಿರಿ. ಮಳೆ ಬಿದ್ದು ಮಣ್ಣು ಕುಳಿತ ಮೇಲೆ ಇನ್ನೊಂದು ಸಲ.