ಎರಕದ ಚಾಸಿಸ್ ಮುರಿಯಲಿಲ್ಲ, ಕೈಗೆ ಜೋಮೂ ಹಿಡಿಯಲಿಲ್ಲ: ನನ್ನ ಅನುಭವ

ಹೊಸೂರಿನ ನಮ್ಮ ಶೆಡ್‌ನಲ್ಲಿ ಬೈಕಿನ ಚಾಸಿಸ್ಸಿಗೆ ಅಂತ ಹೊಯ್ದ ಅಲ್ಯೂಮಿನಿಯಂ ಬೀಮ್ ಈಗ ಎರಡು ಮಳೆಗಾಲ ಕಂಡಿದೆ. ತಳಿ ಊರಿನ ಹತ್ತಿರದ ಮಾವನ ತೋಟದಲ್ಲಿ ಬಂಡೆ, ಕೆರೆ ಏರಿ, ರಾಗಿ ಹೊಲದ ಬದು ಎಲ್ಲಾ ಸೇರಿ ಮೂರು ಕಿಲೋಮೀಟರಿನ ಒಂದು ಸುತ್ತು ಇದೆ. ಅಲ್ಲಿ ಆರುನೂರು ಸುತ್ತಾದರೂ ಓಡಿಸಿರಬೇಕು. ಬೀಮ್ ಇನ್ನೂ ಗಟ್ಟಿಯಾಗಿದೆ. ಹಾಗಾಗಿ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ಗಾಡಿ ಯಮಹಾದ ಹಳೆಯ ಟೂ ಸ್ಟ್ರೋಕ್ ಬೈಕ್, ಆರ್‌ಎಕ್ಸ್ 100. ಇಂಜಿನ್ ಮುಂದೆ ಕೆಳಗಿಳಿಯುವ ಡೌನ್ ಟ್ಯೂಬ್ ಕೊಯ್ದು ತೆಗೆದು, ಆ ಜಾಗಕ್ಕೆ ಎಚ್ ಆಕಾರದ ಎರಕದ ಬೀಮ್ ಹಾಕಿದೆ. ಹ್ಯಾಂಡಲ್ ತಿರುಗುವ ಹೆಡ್ ಪೈಪೂ ಮೇಲಿನ ಟ್ಯೂಬಿನ ತುದಿಯೂ ಎರಕದೊಳಗೇ ಕೂರುತ್ತವೆ. ಉಪಾಯ ಹೊಸದಲ್ಲ. ಇಂಗ್ಲೆಂಡಿನ ಗ್ರೀವ್ಸ್ ಕಂಪನಿ 1950ರ ದಶಕದಲ್ಲೇ ಹೀಗೆ ಸ್ಟೀಲ್ ಟ್ಯೂಬಿನ ಸುತ್ತ ಅಲ್ಯೂಮಿನಿಯಂ ಹೊಯ್ದು ಸ್ಕ್ರಾಂಬಲ್ಸ್ (ಮಣ್ಣುದಾರಿಯ ರೇಸ್) ಗಾಡಿ ಮಾಡುತ್ತಿತ್ತು. ನನ್ನ ಗಾಡಿ ತೋಟದೊಳಗೆ ಮಾತ್ರ ಓಡುವಂಥದ್ದು. ಚಾಸಿಸ್ ಕೊಯ್ದ ಗಾಡಿಯನ್ನು ರೋಡಿಗೆ ಇಳಿಸುವಂತಿಲ್ಲ, ಇಳಿಸಲೂಬೇಡಿ.

ಪ್ಯಾಟರ್ನ್, ಅಂದರೆ ಎರಕದ ಅಚ್ಚು ತೆಗೆಯುವ ಮಾದರಿ, ಮಾಡುವ ಆಚಾರರು ಮೊದಲ ದಿನವೇ, "ಏನಪ್ಪಾ, ಪಾತ್ರೆ ಮಾಡೋ ಲೋಹದಲ್ಲಿ ಚಾಸಿಸ್ಸಾ? ಒಂದು ಹಳ್ಳಕ್ಕೆ ಬಿದ್ರೆ ಎರಡು ತುಂಡು" ಅಂದರು. "ಆಚಾರ್ರೇ, ನೀವು ಪ್ಯಾಟರ್ನ್ ಮಾಡಿಕೊಡಿ, ತುಂಡಾದರೆ ನನಗೆ ತಾನೇ ನಷ್ಟ" ಅಂದೆ. ಪ್ಯಾಟರ್ನಿಗೇ ಆರೂವರೆ ಸಾವಿರ ಆಯಿತು.

ಮೊದಲ ಹೊಯ್ತಕ್ಕೆ ಗುಜರಿಯ ಪಿಸ್ಟನ್ ಕರಗಿಸಿದೆ. ದುಡ್ಡು ಉಳಿಸೋಣ ಅಂತ. ಬೀಮ್ ಚೆನ್ನಾಗಿಯೇ ಬಂತು. ವೈಸಿಗೆ ಕಟ್ಟಿ ಸುತ್ತಿಗೆಯಲ್ಲಿ ಎರಡೇಟು ಕೊಟ್ಟೆ, ಬಿಸ್ಕತ್ತಿನ ಹಾಗೆ ಮುರಿಯಿತು. ಎರಡನೆಯದಕ್ಕೆ ಎಲ್‌ಎಂ25 ಅನ್ನುವ ಅಲ್ಯೂಮಿನಿಯಂ ಮಿಶ್ರಲೋಹದ ಇಂಗಾಟ್ (ಗಟ್ಟಿ) ತಂದು, ಬಲ ಹೆಚ್ಚಲಿ ಅಂತ ಹೊರಗೆ ಹೀಟ್ ಟ್ರೀಟ್‌ಮೆಂಟ್ ಮಾಡಿಸಿದೆ. 530 ಡಿಗ್ರಿಯಿಂದ ನೀರಿಗೆ ಬಿಟ್ಟಾಗ ಹೆಡ್ ಪೈಪಿನ ಪಕ್ಕದಲ್ಲಿ ಉದ್ದಕ್ಕೂ ಸೀಳು. ಅಲ್ಯೂಮಿನಿಯಂ ಸ್ಟೀಲಿಗಿಂತ ಹೆಚ್ಚುಕಡಿಮೆ ಎರಡರಷ್ಟು ಕುಗ್ಗುತ್ತದೆ. ಒಳಗಿನ ಪೈಪು ಜಾಗ ಬಿಡಲ್ಲ, ಹೊರಗಿನದು ಸೀಳಲೇಬೇಕು ಅಲ್ವಾ? ಐದು ಸಾವಿರ ಅಲ್ಲಿಗೆ ಹೋಯಿತು. ಆಮೇಲೆ ಎಲ್‌ಎಂ6 ಅನ್ನುವ ಇನ್ನೊಂದು ಮಿಶ್ರಲೋಹಕ್ಕೆ ಬಂದೆ. ಲೆಕ್ಕದಲ್ಲಿ ಅದರ ಬಲ ಕಡಿಮೆ. ಆದರೆ ಹೀಟ್ ಟ್ರೀಟ್‌ಮೆಂಟ್ ಬೇಕಿಲ್ಲ, ಮೌಲ್ಡಿನ ಮೂಲೆಮೂಲೆಗೂ ಹರಿಯುತ್ತದೆ, ಮುರಿಯುವ ಮೊದಲು ಸ್ವಲ್ಪ ಬಾಗುತ್ತದೆ. ನನಗೆ ಬೇಕಿದ್ದದ್ದು ಆ ಬಾಗುವ ಗುಣವೇ.

ಮೂರನೆಯ ಬೀಮ್ ಮಾತ್ರ ನನ್ನನ್ನು ಒಂದು ತಿಂಗಳು ಕಾಡಿತು. ಒಳಗಿನ ಹರಳು ಸಣ್ಣದಾಗಿ ಲೋಹ ಬಾಗಬೇಕಾದರೆ ಎಲ್‌ಎಂ6ಕ್ಕೆ ಸೋಡಿಯಂ ಹಾಕಬೇಕು. ಹಾಕಿದೆ. ಆದರೂ ಟೆಸ್ಟ್ ತುಂಡು ಮುರಿದು ನೋಡಿದರೆ ಒಳಗೆ ಕಲ್ಲುಸಕ್ಕರೆ ಹರಳಿನ ಹಾಗೆ ಮಿರಮಿರ ಮಿಂಚುತ್ತಿತ್ತು. ಸೋಡಿಯಂ ಹಿಡಿದಿದ್ದರೆ ಮುರಿದ ಜಾಗ ನುಣ್ಣಗೆ, ಬೂದುಬಣ್ಣದ ರೇಷ್ಮೆಯ ಹಾಗೆ ಕಾಣಬೇಕು. ಇಂಗಾಟ್ ಕೊಟ್ಟವನ ಮೇಲೆ ಅನುಮಾನ ಬಂತು, ಬೇರೆ ಕಡೆಯಿಂದ ತಂದೆ. ಅದೇ ಕಥೆ. ಕೊನೆಗೆ ನಮ್ಮ ಕ್ರಮದಲ್ಲೇ ತಪ್ಪು ಸಿಕ್ಕಿತು. ನಮ್ಮ ಹುಡುಗ ಸೋಡಿಯಂ ಹಾಕಿ, ಆಮೇಲೆ ಕರಗಿದ ಲೋಹದೊಳಗಿನ ಗ್ಯಾಸ್ ತೆಗೆಯುವ ಡೀಗ್ಯಾಸಿಂಗ್ ಮಾತ್ರೆ ಮುಳುಗಿಸುತ್ತಿದ್ದ. ಮಾತ್ರೆಯಿಂದ ಬರುವ ಕ್ಲೋರಿನ್ ಸೋಡಿಯಂ ಅನ್ನೆಲ್ಲಾ ತಿಂದುಬಿಡುತ್ತಿತ್ತು. ಮೊದಲು ಮಾತ್ರೆ, ಆಮೇಲೆ ಸೋಡಿಯಂ, ಆಮೇಲೆ ಹತ್ತು ನಿಮಿಷದೊಳಗೆ ಹೊಯ್ಯಬೇಕು. ತಡವಾದರೆ ಸೋಡಿಯಂ ಹಾರಿಹೋಗುತ್ತದೆ. ಅವತ್ತಿನಿಂದ ಹೊಯ್ಯುವ ಹೊತ್ತಿಗೆ ಶೆಡ್‌ನಲ್ಲಿ ಫೋನ್ ಎತ್ತುವುದು ಬಂದ್.

ಇನ್ನೊಂದು ಮಾತು. ಅಲ್ಯೂಮಿನಿಯಂ ಸ್ಟೀಲಿಗೆ ಸುಮ್ನೆ ಅಂಟಿಕೊಳ್ಳಲ್ಲ, ಬರೀ ಹಿಡಿದುಕೊಳ್ಳುತ್ತದೆ. ಟ್ಯೂಬಿಗೆ ಅಡ್ಡ ತೂತು ಕೊರೆದು, ತುದಿ ಸ್ವಲ್ಪ ಚಪ್ಪಟೆ ಮಾಡಿದರೆ ಲೋಹ ಒಳಗೆ ಹೊಕ್ಕು ಬೀಗ ಬೀಳುತ್ತದೆ. ಟ್ಯೂಬ್ ತಣ್ಣಗಿದ್ದರೆ ಲೋಹ ಬೇಗ ಗಟ್ಟಿಯಾಗಿ ಕೂಡದೆ ಉಳಿಯುವ ಕೋಲ್ಡ್ ಶಟ್ ಗ್ಯಾರಂಟಿ, 200 ಡಿಗ್ರಿಗಾದರೂ ಕಾಯಿಸಿ. ಟ್ಯೂಬಿಗೆ ಏನು ಬಳಿಯುತ್ತೇನೆ, ಹೆಡ್ ಪೈಪಿನ ಹತ್ತಿರ ಎರಕ ಕುಗ್ಗುವಾಗ ಲೋಹ ತುಂಬಿಕೊಡುವ ರೈಸರ್ ಎಲ್ಲಿ ಇಡುತ್ತೇನೆ ಅನ್ನುವುದು ನನ್ನ ಹತ್ತಿರವೇ ಇರಲಿ. ಅದಕ್ಕೆ ಮೂರು ಬೀಮ್ ಬಲಿ ಕೊಟ್ಟಿದ್ದೇನೆ.

ಹನ್ನೆರಡು ಎಂಎಂ ದಪ್ಪದ ಬೀಮ್ ಕೊನೆಗೂ ಒಳ್ಳೆಯದು ಬಂತು. ತೂಕ ನಾಲ್ಕು ಕೆಜಿಗಿಂತ ಚೂರು ಜಾಸ್ತಿ. ಮಾವನ ಮಗ ಓಡಿಸಿದ. ಎರಡೇ ಸುತ್ತಿಗೆ ಇಳಿದು, "ಬಾವ, ಕೈ ಜೋಮು ಹಿಡೀತಿದೆ, ಕಲ್ಲಿನ ಮೇಲೆ ಮುಂದಿನ ಚಕ್ರ ನಿಲ್ತಾ ಇಲ್ಲ" ಅಂದ. ನನಗೆ ಬೇಜಾರಾಯಿತು. ಮುರಿಯದ ಚಾಸಿಸ್ ಮಾಡಿದ್ದೆ, ಕೂರಲು ಆಗದ ಚಾಸಿಸ್ ಆಗಿತ್ತು.

ಆಗ ಅಳೆಯಲು ಶುರು ಮಾಡಿದೆ. ಹಿಂದಿನ ಚಕ್ರದ ಸ್ವಿಂಗ್ ಆರ್ಮ್ ಕೂರುವ ಪಿವಟ್ ಅನ್ನು ಸಮತಟ್ಟಾದ ಸರ್ಫೇಸ್ ಪ್ಲೇಟಿಗೆ ಬಿಗಿದು, ಹೆಡ್ ಪೈಪಿಗೆ ಒಂದು ಮೀಟರ್ ರಾಡ್ ಅಡ್ಡ ಹಾಕಿ, ತುದಿಗೆ ಇಪ್ಪತ್ತು ಕೆಜಿ ನೇತುಹಾಕಿ ಕೂದಲೆಳೆಯಷ್ಟು ಅಲುಗಿದರೂ ತೋರಿಸುವ ಡಯಲ್ ಗೇಜ್ ಇಟ್ಟೆ. ಹಳೆಯ ಸ್ಟೀಲ್ ಚಾಸಿಸ್ ನಾಲ್ಕೂವರೆ ಎಂಎಂ ತಿರುಚಿತು. ನನ್ನ ಬೀಮ್ ಎರಡು ಎಂಎಂ ಕೂಡ ತಿರುಚಲಿಲ್ಲ. ಗಾಡಿ ವಾಲಿದಾಗ ಗುಂಡಿಯ ಏಟು ಪಕ್ಕದಿಂದ ಬರುತ್ತದೆ, ಅದನ್ನು ಫೋರ್ಕ್ ಪೂರ್ತಿ ನುಂಗಲ್ಲ. ಉಳಿದದ್ದನ್ನು ಚಾಸಿಸ್ಸೇ ಸ್ವಲ್ಪ ಬಿಟ್ಟುಕೊಡಬೇಕು. ಗಟ್ಟಿ ಇದ್ದಷ್ಟೂ ಒಳ್ಳೆಯದು ಅನ್ನುವವರ ಜೊತೆ ಇವತ್ತೂ ನಾನು ವಾದಕ್ಕೆ ನಿಲ್ಲುತ್ತೇನೆ.

ನಡುವೆ ಬೇರೆ ಪ್ರಯೋಗಗಳೂ ಆದವು. ಇಂಜಿನ್ ಮೌಂಟಿಗೆ ರಬ್ಬರ್ ಬುಷ್ ಹಾಕಿದೆ. ನಡುಕ ಇಳಿಯಿತು, ಆದರೆ ಇಂಜಿನ್ ಅಲ್ಲಾಡಿ ಚೈನ್ ಕಳಚತೊಡಗಿತು, ತೆಗೆದೆ. ಹ್ಯಾಂಡಲ್ ಒಳಗೆ ಒಣಗಿದ ಸಣ್ಣ ಮರಳು ತುಂಬಿ ಎರಡೂ ಕಡೆ ಬಿರಟೆ ಬಡಿದೆ. ಮುನ್ನೂರು ಗ್ರಾಂ ತೂಕ ಜಾಸ್ತಿಯಾಯಿತು, ಅಷ್ಟೆ. ಟೂ ಸ್ಟ್ರೋಕಿನ ಆ ಝುಮ್ ಅನ್ನುವ ನಡುಕ ಅರ್ಧಕ್ಕೆ ಇಳಿಯಿತು. ಅದು ಇವತ್ತೂ ಇದೆ.

ಬೀಮಿನ ನಡುವಿನ ಪಟ್ಟಿಯನ್ನು ಎಂಟು ಎಂಎಂಗೆ ಇಳಿಸಿದೆ, ಹೆಡ್ ಪೈಪಿನ ಹತ್ತಿರ ಮಾತ್ರ ದಪ್ಪ ಹಾಗೇ ಉಳಿಸಿದೆ. ಆಚಾರರೇ ಪ್ಯಾಟರ್ನ್ ಕೆತ್ತಿ ತೆಗೆದರು. ತೂಕ ಮೂರು ಕೆಜಿ, ತಿರುಚುವುದು ಮೂರು, ಮೂರೂಕಾಲು ಎಂಎಂ. ಮಾವನ ಮಗ ಅವತ್ತು ಹದಿನೈದು ಸುತ್ತು ಹೊಡೆದು, ಪೆಟ್ರೋಲ್ ಮುಗಿದ ಮೇಲೆ ಇಳಿದ. ಒಟ್ಟು ಖರ್ಚು ಐವತ್ತು ಸಾವಿರದ ಹತ್ತಿರ. ಇದೇ ಪ್ಯಾಟರ್ನಿನಲ್ಲಿ ಇನ್ನೊಂದು ಹೊಯ್ದರೆ ನಾಲ್ಕು ಸಾವಿರದೊಳಗೆ ಮುಗಿಯುತ್ತದೆ.

ಇಷ್ಟಾದರೂ ಅಲ್ಯೂಮಿನಿಯಂ ನಂಬಿ ಕೂರುವಂತಿಲ್ಲ. ಸ್ಟೀಲಿಗೆ ಒಂದು ಮಿತಿಯ ಒಳಗೆ ಎಷ್ಟು ಏಟು ಬಿದ್ದರೂ ನಡೆಯುತ್ತದೆ, ಇದಕ್ಕೆ ಸಣ್ಣ ಏಟೂ ಲೆಕ್ಕಕ್ಕೆ ಸೇರುತ್ತದೆ. ನೂರು ಸುತ್ತಿಗೊಮ್ಮೆ ಬೀಮ್ ತೊಳೆದು, ಬಣ್ಣ ಬಳಿದು ಬಿರುಕು ಹುಡುಕುವ ಡಿಪಿ (ಡೈ ಪೆನೆಟ್ರೆಂಟ್) ಟೆಸ್ಟ್ ಮಾಡುತ್ತೇನೆ. ಮೊದಲ ಎಂಟು ಎಂಎಂ ಬೀಮಿನಲ್ಲಿ, ಇಂಜಿನ್ ಮೌಂಟಿನ ಮೂಲೆಯಲ್ಲಿ ಕೂದಲೆಳೆಯಷ್ಟು ಕೆಂಪು ಗೆರೆ ಕಂಡಿತ್ತು. ಆ ಮೂಲೆಯ ತಿರುವಿನ ರೇಡಿಯಸ್ ಮೂರು ಎಂಎಂ ಇತ್ತು. ಎಂಟು ಮಾಡಿ ಹೊಸದು ಹೊಯ್ದೆ. ಈಗ ಓಡುತ್ತಿರುವುದು ಅದೇ. ಟ್ಯೂಬ್ ಎರಕದೊಳಗೆ ಹೋಗುವ ಬಾಯಿಯಲ್ಲಿ ನೀರು ನಿಂತರೆ ಎರಡೂ ಲೋಹ ಸೇರಿ ಬಿಳಿ ಪುಡಿ ಏಳುತ್ತದೆ. ಅದಕ್ಕೆ ಜೂನ್‌ಗೆ ಮುಂಚೆ ಅಲ್ಲಿ ಕೆರೆದು, ಒಣಗಿಸಿ, ಸೀಲೆಂಟ್ ತುಂಬುತ್ತೇನೆ. ಈ ವರ್ಷದ್ದು ಹೋದ ಭಾನುವಾರ ಮುಗಿಯಿತು.