ಲ್ಯಾಪರೊಸ್ಕೋಪಿಗೆ ನಿಲ್ಲುವ ಮುನ್ನ: ಮೇಜು, ಪರದೆ, ಹಿಡಿಕೆಗಳ ಹೊಂದಾಣಿಕೆ

ಉದರದರ್ಶಕದ ಮೂಲಕ ಮಾಡುವ ಶಸ್ತ್ರಚಿಕಿತ್ಸೆಯಲ್ಲಿ (ಲ್ಯಾಪರೊಸ್ಕೋಪಿ) ರೋಗಿಯ ಗಾಯ ಚಿಕ್ಕದಾಗುತ್ತದೆ, ನೋವು ಕಡಿಮೆಯಾಗುತ್ತದೆ, ಮನೆಗೆ ಹೋಗುವ ದಿನ ಬೇಗ ಬರುತ್ತದೆ. ಆದರೆ ಅದೇ ಚಿಕ್ಕ ರಂಧ್ರದಿಂದಾಗಿ ಶಸ್ತ್ರವೈದ್ಯರ ಕುತ್ತಿಗೆ, ಭುಜ, ಮಣಿಕಟ್ಟು, ಹೆಬ್ಬೆರಳುಗಳು ಬೇರೆಯೇ ಬಗೆಯ ಒತ್ತಡಕ್ಕೆ ಸಿಕ್ಕಿಕೊಳ್ಳುತ್ತವೆ. ದುಬಾರಿ ಉಪಕರಣ ತರಿಸಿದರೆ ಈ ಕಷ್ಟ ತೀರುತ್ತದೆ ಎಂಬ ನಂಬಿಕೆ ನಮ್ಮ ಆಸ್ಪತ್ರೆಗಳಲ್ಲಿ ಸಾಕಷ್ಟಿದೆ. ನನ್ನ ಅಭಿಪ್ರಾಯದಲ್ಲಿ, ಇರುವ ಥಿಯೇಟರನ್ನೇ ಮೊದಲು ಸರಿಯಾಗಿ ಹೊಂದಿಸಿಕೊಳ್ಳದೆ ಹೊಸ ಉಪಕರಣಕ್ಕೆ ಹಣ ಹಾಕುವುದು ವ್ಯರ್ಥ. ಲ್ಯಾಪರೊಸ್ಕೋಪಿ ಕಲಿಯುವವರು ಸಾಮಾನ್ಯವಾಗಿ ಮೊದಮೊದಲು ಕೈಹಾಕುವ ಪಿತ್ತಕೋಶದ ಶಸ್ತ್ರಚಿಕಿತ್ಸೆಯನ್ನೇ ಎದುರಿಗಿಟ್ಟುಕೊಂಡು ಆ ಹೊಂದಾಣಿಕೆಯ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ.

ಮೊದಲು ಮೇಜು. ಉಳಿದೆಲ್ಲವೂ ಮೇಜಿನ ಎತ್ತರವನ್ನು ಅವಲಂಬಿಸಿರುವುದರಿಂದ ಈ ಕ್ರಮವನ್ನು ಹಿಂದುಮುಂದು ಮಾಡಬಾರದು. ತೆರೆದ ಶಸ್ತ್ರಚಿಕಿತ್ಸೆಯಲ್ಲಿ ವೈದ್ಯರ ಕೈ ಗಾಯದ ಹತ್ತಿರವೇ ಇರುತ್ತದೆ. ಇಲ್ಲಿ ಉದ್ದನೆಯ ಉಪಕರಣದ ಒಂದು ಭಾಗ ಹೊಟ್ಟೆಯಿಂದ ಮೇಲಕ್ಕೆ ಚಾಚಿಕೊಂಡಿರುವುದರಿಂದ ಕೈ ಗಾಯಕ್ಕಿಂತ ಎಷ್ಟೋ ಮೇಲೆ ನಿಲ್ಲುತ್ತದೆ. ಆದ್ದರಿಂದ ನೋಡಬೇಕಾದದ್ದು ಹಿಡಿಕೆಯ ಎತ್ತರವನ್ನು: ಭುಜ ಸಡಿಲವಾಗಿ ಇಳಿದು, ತೋಳು ಪಕ್ಕೆಗೆ ಹತ್ತಿರವಾಗಿ, ಮೊಣಕೈ 90ರಿಂದ 120 ಡಿಗ್ರಿ ಬಾಗಿದಾಗ ಹಿಡಿಕೆಯು ಮೊಣಕೈಯ ಮಟ್ಟದಲ್ಲೋ ತುಸು ಕೆಳಗೋ ಸಿಗಬೇಕು. ಅಮೆರಿಕದ ರಾಮೋನ್ ಬರ್ಗರ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಇದಕ್ಕೆ ಹೊಂದುವ ಮೇಜಿನ ಎತ್ತರ ನೆಲದಿಂದ ಸುಮಾರು 64ರಿಂದ 77 ಸೆಂ.ಮೀ. ತೆರೆದ ಶಸ್ತ್ರಚಿಕಿತ್ಸೆಗೆಂದು ತಯಾರಾದ ಮೇಜುಗಳಲ್ಲಿ ಹಲವು ಇಷ್ಟು ಕೆಳಕ್ಕೆ ಇಳಿಯುವುದೇ ಇಲ್ಲ.

ಮೇಜು ಸಮತಟ್ಟಾಗಿರುವಾಗ ಎತ್ತರ ನೋಡಿಕೊಂಡು ನಿಶ್ಚಿಂತರಾಗುವುದು ಸರಿಯಲ್ಲ. ಪಿತ್ತಕೋಶ ಕಾಣಬೇಕೆಂದರೆ ರೋಗಿಯ ತಲೆಯ ಭಾಗವನ್ನು ಮೇಲೆತ್ತಿ, ಮೇಜನ್ನು ಎಡಕ್ಕೆ ವಾಲಿಸುತ್ತೇವೆ. ಆಗ ನಾವು ಕೆಲಸ ಮಾಡುವ ಮೇಲ್ಹೊಟ್ಟೆಯೇ ಎತ್ತರಕ್ಕೆ ಬರುತ್ತದೆ. ಅದರ ಮೇಲೆ, 12ರಿಂದ 15 ಮಿ.ಮೀ. ಪಾದರಸದ ಒತ್ತಡದಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿದಾಗ ಹೊಟ್ಟೆಯ ಗೋಡೆಯೂ ಉಬ್ಬುತ್ತದೆ. ಹೀಗಾಗಿ ಅನಿಲ ತುಂಬಿ, ಮೇಜು ವಾಲಿಸಿ, ಎರಡೂ ಕೈಗಳ ಉಪಕರಣಗಳನ್ನು ಒಳಗಿಟ್ಟ ಬಳಿಕ ಇನ್ನೊಮ್ಮೆ ಮೇಜನ್ನು ಇಳಿಸಬೇಕಾಗುತ್ತದೆ. ಇದನ್ನು ಅರಿವಳಿಕೆ ತಜ್ಞರಿಗೆ ಮೊದಲೇ ಹೇಳಿಟ್ಟಿದ್ದರೆ ನಡುವೆ ಗೊಂದಲವಾಗದು. ಮೇಜು ಕೊನೆಯ ಮಟ್ಟಕ್ಕೆ ಇಳಿದರೂ ಮೊಣಕೈ ರೆಕ್ಕೆಯಂತೆ ಹೊರಚಾಚಿದರೆ ಫುಟ್‌ಸ್ಟೆಪ್ (ಕಾಲ್ಮಣೆ) ಹಾಕಿಕೊಂಡು ನಿಲ್ಲಬೇಕು. ಅದು ಎರಡೂ ಪಾದ ಮತ್ತು ವಿದ್ಯುತ್ತಿನಿಂದ ಸುಟ್ಟು ಕತ್ತರಿಸುವ ಡಯಾಥರ್ಮಿಯ ಪೆಡಲ್ ಒಟ್ಟಿಗೆ ಹಿಡಿಸುವಷ್ಟು ಅಗಲವಿರಲಿ. ಪೆಡಲ್ ನೆಲದಲ್ಲಿ, ವೈದ್ಯರು ಮಣೆಯ ಮೇಲೆ ಎಂಬ ಸ್ಥಿತಿಯಲ್ಲಿ ಒಂದೇ ಕಾಲಿನ ಮೇಲೆ ಭಾರ ಬಿದ್ದು ಸೊಂಟ ಹಿಡಿದುಕೊಳ್ಳುತ್ತದೆ. ತಂಡದಲ್ಲಿ ಎತ್ತರದವರೂ ಗಿಡ್ಡಗಿನವರೂ ಇದ್ದಾಗ ಎತ್ತರದವರ ಅಳತೆಗೆ ಮೇಜನ್ನು ಹೊಂದಿಸಿ, ಉಳಿದವರಿಗೆ ಮಣೆ ಕೊಡುವುದೇ ಒಳ್ಳೆಯದು.

ಎರಡನೆಯದು ಪರದೆ, ಅಂದರೆ ಹೊಟ್ಟೆಯೊಳಗಿನ ಚಿತ್ರ ಕಾಣುವ ಮಾನಿಟರ್. 1985ರ ಸೆಪ್ಟೆಂಬರ್ 12ರಂದು ಜರ್ಮನಿಯ ಬೋಬ್ಲಿಂಗನ್‌ನಲ್ಲಿ ಎರಿಕ್ ಮ್ಯೂಹೆ ಮೊದಲ ಬಾರಿಗೆ ಈ ವಿಧಾನದಲ್ಲಿ ಪಿತ್ತಕೋಶ ತೆಗೆದಾಗ ದರ್ಶಕಕ್ಕೆ ನೇರವಾಗಿ ಕಣ್ಣಿಟ್ಟು ನೋಡಬೇಕಿತ್ತು. ಮುಂದೆ ವಿಡಿಯೊ ಕ್ಯಾಮೆರಾ ಬಂದು ಚಿತ್ರವು ಪರದೆಗೆ ಹೋಯಿತು. 1990ರಲ್ಲಿ ಮುಂಬಯಿಯಲ್ಲಿ ಟೆಹೆಮ್ಟನ್ ಉದ್ವಾಡಿಯಾ ಅವರು ಭಾರತದಲ್ಲಿ ಇದನ್ನು ಆರಂಭಿಸುವ ಹೊತ್ತಿಗೆ ಬಾಗಿ ನೋಡುವ ಕಷ್ಟ ಹಿಂದೆ ಸರಿದಿತ್ತು. ಆದರೆ ಬೆನ್ನು ಬಾಗುವುದು ತಪ್ಪಿ, ಕುತ್ತಿಗೆ ಮೇಲೆತ್ತುವುದು ಶುರುವಾಯಿತು. ಇದಕ್ಕೆ ಕಾರಣ ಟ್ರಾಲಿಯ ರಚನೆ: ಅನಿಲ ತುಂಬುವ ಯಂತ್ರ, ಬೆಳಕಿನ ಪೆಟ್ಟಿಗೆ, ಕ್ಯಾಮೆರಾ ಘಟಕ, ರೆಕಾರ್ಡರ್ ಎಲ್ಲವನ್ನೂ ಒಂದರ ಮೇಲೊಂದು ಜೋಡಿಸಿ ಕೊನೆಗೆ ನೆತ್ತಿಯ ಮೇಲೆ ಪರದೆಯನ್ನು ಕೂರಿಸಿದಾಗ ಅದು ಅನೇಕರ ಕಣ್ಣಿನ ಮಟ್ಟಕ್ಕಿಂತ ಮೇಲೆ ಹೋಗಿರುತ್ತದೆ.

ಪರದೆಯ ನಡುಭಾಗ ಕಣ್ಣಿನ ಮಟ್ಟದಿಂದ 10ರಿಂದ 25 ಡಿಗ್ರಿ ಕೆಳಗಿರಬೇಕು. ಸ್ಕಾಟ್ಲೆಂಡಿನ ಡಂಡಿಯಲ್ಲಿ ಹನ್ನಾ, ಶಿಮಿ ಮತ್ತು ಕುಶೇರಿ ಅವರು 1998ರಲ್ಲಿ ತೋರಿಸಿಕೊಟ್ಟಂತೆ, ಪರದೆಯನ್ನು ಎದುರಿಗೆ, ಕೈಗಳಿಗೆ ಹತ್ತಿರವಾಗಿ ತಗ್ಗಿಸಿ ಇಟ್ಟಾಗ ಕುತ್ತಿಗೆಗೆ ಮಾತ್ರವಲ್ಲ, ಕೆಲಸದ ಗುಣಕ್ಕೂ ಲಾಭವಿದೆ. ಛಾವಣಿಯಿಂದ ಇಳಿಬಿಟ್ಟ ತೋಳು ಇದ್ದರೆ ಸುಲಭ. ಇಲ್ಲದಿದ್ದಲ್ಲಿ ಪರದೆಯನ್ನು ಟ್ರಾಲಿಯಿಂದ ಬಿಡಿಸಿ ಚಕ್ರದ ಸ್ಟ್ಯಾಂಡಿಗೆ ಕೂರಿಸಿದರೆ ಸಾಕು. ವೈದ್ಯರು, ಪಿತ್ತಕೋಶ, ಪರದೆ ಈ ಮೂರೂ ಒಂದೇ ಸಾಲಿನಲ್ಲಿ ಬರಬೇಕು. ವೈದ್ಯರು ರೋಗಿಯ ಎಡಕ್ಕೆ ನಿಂತಿದ್ದರೆ ಪರದೆಯ ಜಾಗ ರೋಗಿಯ ಬಲಭುಜದ ಕಡೆ. ಎದುರಿಗೆ ನಿಂತು ಪಿತ್ತಕೋಶ ಎತ್ತಿ ಹಿಡಿಯುವ ಸಹಾಯಕರಿಗೆ ಎರಡನೆಯ ಪರದೆ ಬೇಕು. ಅದಿಲ್ಲದಿದ್ದರೆ ಅವರು ಶಸ್ತ್ರಚಿಕಿತ್ಸೆ ಮುಗಿಯುವವರೆಗೂ ಕತ್ತು ತಿರುಗಿಸಿಕೊಂಡೇ ನಿಂತಿರುತ್ತಾರೆ.

ಇನ್ನು ಉಪಕರಣ ತೂರಿಸುವ ರಂಧ್ರಗಳ, ಅಂದರೆ ಪೋರ್ಟ್‌ಗಳ ಜಾಗ. ಉಪಕರಣವು ಹೊಟ್ಟೆಯ ಗೋಡೆಯಲ್ಲಿ ಒಂದು ಬಿಂದುವಿನ ಸುತ್ತ ತಿರುಗುವುದರಿಂದ ಕೈ ಎಡಕ್ಕೆ ಹೋದರೆ ತುದಿ ಬಲಕ್ಕೆ ಹೋಗುತ್ತದೆ, ಇದು ಎಲ್ಲರಿಗೂ ತಿಳಿದದ್ದೇ. ಅದೇ ಬಿಂದುವಿನಿಂದ ಒಳಗೆಷ್ಟು ಉದ್ದ, ಹೊರಗೆಷ್ಟು ಉದ್ದ ಎಂಬುದನ್ನು ಮಾತ್ರ ಅನೇಕರು ಗಮನಿಸುವುದಿಲ್ಲ. 36 ಸೆಂ.ಮೀ. ಉದ್ದದ ಉಪಕರಣದಲ್ಲಿ 18 ಒಳಗೆ, 18 ಹೊರಗೆ ಇದ್ದಾಗ ಕೈ ಸರಿದಷ್ಟೇ ತುದಿಯೂ ಸರಿಯುತ್ತದೆ. ಒಳಗೆ 12 ಮಾತ್ರ ಹೋಗಿದ್ದರೆ, ತುದಿ ಒಂದು ಸೆಂ.ಮೀ. ಸರಿಯಲು ಕೈ ಎರಡು ಸೆಂ.ಮೀ. ಸರಿಯಬೇಕು, ಹಿಡಿಕೆಯೂ ಮೇಲಕ್ಕೆ ಹೋಗಿ ಭುಜ ಎತ್ತಬೇಕಾಗುತ್ತದೆ. ಒಳಗೆ ಅರ್ಧಕ್ಕಿಂತ ಬಹಳ ಹೆಚ್ಚು ಹೋದರೆ ಕೈಯ ಸಣ್ಣ ನಡುಕವೂ ತುದಿಯಲ್ಲಿ ದೊಡ್ಡದಾಗಿ ಕಾಣುತ್ತದೆ. ಬಲಗೈ ಮತ್ತು ಎಡಗೈ ಉಪಕರಣಗಳು ಗುರಿಯಲ್ಲಿ ಕೂಡುವ ಕೋನ 60 ಡಿಗ್ರಿಗೆ ಹತ್ತಿರವಿದ್ದರೆ ಗಂಟು ಹಾಕುವುದು ಸಲೀಸು. 45ಕ್ಕಿಂತ ಕಡಿಮೆಯಾದರೆ ಉಪಕರಣಗಳು ಒಂದಕ್ಕೊಂದು ತಾಗುತ್ತವೆ, 75 ದಾಟಿದರೆ ಮಣಿಕಟ್ಟು ಹೊರಳುತ್ತದೆ. ಸ್ಥೂಲಕಾಯದವರಲ್ಲಿ ಹೊಕ್ಕುಳು ಕೆಳಗೆ ಜಾರಿರುವುದರಿಂದ ಹೊಕ್ಕುಳನ್ನೇ ಗುರುತಾಗಿ ನಂಬಬಾರದು. ಅನಿಲ ತುಂಬಿದ ಮೇಲೆ ಪಕ್ಕೆಲುಬಿನ ಅಂಚಿನಿಂದ ಅಳೆದು ಗುರುತು ಹಾಕುವುದು ಕ್ಷೇಮ. 45 ಸೆಂ.ಮೀ. ಉಪಕರಣಗಳಿರುವುದೂ ಇಂಥವರಿಗಾಗಿಯೇ.

ಕ್ಯಾಮೆರಾ ಹಿಡಿಯುವವರ ಬಗ್ಗೆ ಒಂದು ಮಾತು. ಅವರು ಶಸ್ತ್ರವೈದ್ಯರ ಪಕ್ಕದಲ್ಲೇ ನಿಂತಾಗ ವೈದ್ಯರ ಎಡಗೈ ಅವರ ಕೈಯನ್ನು ದಾಟಿ ಬಲಪಕ್ಕೆಯ ಪೋರ್ಟ್ ತಲುಪಬೇಕಾಗುತ್ತದೆ, ಎಡಭುಜದ ನೋವಿನ ಮೂಲ ಎಷ್ಟೋ ಸಲ ಇಲ್ಲಿರುತ್ತದೆ. ಕ್ಯಾಮೆರಾದವರನ್ನು ಸ್ಟೂಲಿನ ಮೇಲೆ ಕೂರಿಸಿದರೆ ಇಬ್ಬರಿಗೂ ಹಗುರ. ನೋಟ 30 ಡಿಗ್ರಿ ಓರೆಯಾಗಿರುವ ದರ್ಶಕದಲ್ಲಿ ಬೆಳಕಿನ ಕೇಬಲ್ ಯಾವ ಕಡೆಗಿದೆಯೋ ಸಾಮಾನ್ಯವಾಗಿ ಅದರ ಎದುರು ದಿಕ್ಕಿಗೆ ನೋಟ ಹರಿಯುತ್ತದೆ ಎಂಬುದನ್ನು ಅವರಿಗೆ ಮೊದಲೇ ತೋರಿಸಿಕೊಟ್ಟರೆ, ಕ್ಯಾಮೆರಾವನ್ನೇ ಓರೆ ಮಾಡುವ ಅಭ್ಯಾಸ ತಪ್ಪುತ್ತದೆ.

ಉಪಕರಣಗಳಿಗೆ ಬರೋಣ. ನೇರ ಉಪಕರಣಕ್ಕೆ ಇರುವುದು ನಾಲ್ಕೇ ಚಲನೆಗಳು: ಒಳಗೆ-ಹೊರಗೆ, ಮೇಲೆ-ಕೆಳಗೆ, ಎಡ-ಬಲ, ತನ್ನ ಅಕ್ಷದ ಸುತ್ತ. ತುದಿ ಬಾಗದ ಕಾರಣ ಆ ಬಾಗುವಿಕೆಯನ್ನು ಮಣಿಕಟ್ಟು ತುಂಬಿಕೊಡುತ್ತದೆ. ಆದ್ದರಿಂದ ಮಣಿಕಟ್ಟು ತಿರುಚುವ ಬದಲು ತೋರುಬೆರಳಿನಿಂದ ಹಿಡಿಕೆಯಲ್ಲಿರುವ ತಿರುಗುಗುಬ್ಬಿಯನ್ನು ತಿರುಗಿಸುವುದನ್ನು ಆರಂಭದಲ್ಲೇ ರೂಢಿ ಮಾಡಿಕೊಳ್ಳಬೇಕು. ಉಂಗುರದ ಹಿಡಿಕೆಯಲ್ಲಿ ಹೆಬ್ಬೆರಳನ್ನು ಗೆಣ್ಣಿನವರೆಗೂ ತೂರಿಸಿದರೆ ಬೆರಳಿನ ಪಕ್ಕದ ನರ ಒತ್ತಿಹೋಗಿ ಜೋಮು ಹಿಡಿಯುತ್ತದೆ. ಬೆರಳಿನ ತುದಿಯ ಮೆತ್ತೆ ಮಾತ್ರ ಉಂಗುರದೊಳಗಿರಲಿ. ಪಿತ್ತಕೋಶದ ನೆತ್ತಿಯನ್ನು ಎತ್ತಿಹಿಡಿಯುವ ಗ್ರಾಸ್ಪರ್‌ಗೆ ಹಲ್ಲುಬೀಗವಿರಬೇಕು, ಇಲ್ಲವಾದರೆ ಸಹಾಯಕರು ಅಷ್ಟು ಹೊತ್ತೂ ಮುಷ್ಟಿ ಬಿಗಿಹಿಡಿಯಬೇಕಾಗುತ್ತದೆ. ಅಂಗಾಂಶ ಬಿಡಿಸುವ ಕೆಲಸದ, ಬಾಗಿದ ದವಡೆಯ ಮೇರಿಲ್ಯಾಂಡ್‌ಗೆ ಬೀಗ ಬೇಡ. ಹೊಲಿಗೆಗೆ ನೇರ ಹಿಡಿಕೆಯ ಸೂಜಿಹಿಡುಕ ಪಿಸ್ತೂಲು ಹಿಡಿಕೆಗಿಂತ ಮೇಲು.

ಉದ್ದನೆಯ ಕೊಳವೆಯೊಳಗಿನ ಸರಳು ಬಲವನ್ನು ಪೂರ್ತಿಯಾಗಿ ತುದಿಗೆ ಸಾಗಿಸುವುದಿಲ್ಲ. ಹಾಗಾಗಿ ತೆರೆದ ಶಸ್ತ್ರಚಿಕಿತ್ಸೆಯ ಚಿಮುಟಕ್ಕಿಂತ ಹಲವು ಪಟ್ಟು ಹೆಚ್ಚು ಒತ್ತಬೇಕಾಗುತ್ತದೆ. ಕೀಲಿನಲ್ಲಿ ಒಣಗಿದ ರಕ್ತ ಉಳಿದಿದ್ದರೆ, ದವಡೆಗಳು ಸರಿಯಾಗಿ ಕೂಡದಿದ್ದರೆ ಈ ಶ್ರಮ ಇನ್ನೂ ಹೆಚ್ಚುತ್ತದೆ. ತೊಳೆದು ಬಂದ ಉಪಕರಣವನ್ನು ಬೆಳಕಿಗೆ ಹಿಡಿದು ದವಡೆಗಳ ನಡುವೆ ಸಂದಿಯಿದೆಯೇ ಎಂದು ನೋಡುವುದು, ಹೊರಕವಚದ ಉದ್ದಕ್ಕೂ ಸೀಳಿದೆಯೇ ಎಂದು ಪರೀಕ್ಷಿಸುವುದು ಉಪಕರಣ ಕೊಡುವ ಸ್ಕ್ರಬ್ ನರ್ಸ್ ಅವರ ನಿತ್ಯದ ಕೆಲಸವಾಗಬೇಕು; ಕವಚ ಸೀಳಿದ ಉಪಕರಣದಿಂದ ವಿದ್ಯುತ್ತು ಪರದೆಗೆ ಕಾಣದ ಜಾಗದಲ್ಲಿ ಕರುಳನ್ನು ಸುಡಬಲ್ಲದು. ಆರೂವರೆ ಅಥವಾ ಅದಕ್ಕಿಂತ ಚಿಕ್ಕ ಅಳತೆಯ ಕೈಗವಸು ಹಾಕುವವರಿಗೆ ಪಿನ್ನು ಹೊಡೆದು ಅಂಗಾಂಶ ಕೂಡಿಸುವ ಸ್ಟೇಪ್ಲರ್‌ಗಳ ಹಿಡಿಕೆ ಕೈಗೆ ಎಟುಕದಿರುವುದು ತಯಾರಕರ ಲೋಪವೇ ಹೊರತು ವೈದ್ಯರ ದೌರ್ಬಲ್ಯವಲ್ಲ. ಎರಡೂ ಕೈಗಳಿಂದ ಒತ್ತಬಹುದು. ಅನುಕೂಲವಿದ್ದರೆ ಬ್ಯಾಟರಿಯಿಂದ ನಡೆಯುವುದನ್ನು ಬಳಸಬಹುದು.

2000ದಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ, ಶಸ್ತ್ರಚಿಕಿತ್ಸೆಯ ಡ ವಿಂಚಿ ರೋಬಾಟ್ ಮಣಿಕಟ್ಟಿನಂತೆ ಬಾಗುವ ತುದಿಯನ್ನು ಕೊಟ್ಟಿತು, ವೈದ್ಯರನ್ನು ಕೂರಿಸಿತು. ಆದರೂ ಕಣ್ಣಿಡುವ ಭಾಗದ ಎತ್ತರ, ಮುಂಗೈ ಊರುವ ಪಟ್ಟಿ, ಪೆಡಲುಗಳ ದೂರ ಇವನ್ನು ಹೊಂದಿಸಿಕೊಳ್ಳದೆ ಕುಳಿತರೆ ಕುತ್ತಿಗೆಯ ನೋವು ಅಲ್ಲಿಯೂ ಬಿಡುವುದಿಲ್ಲ.

ಕಡೆಯದು ಬಿಡುವು. 20ರಿಂದ 40 ನಿಮಿಷಕ್ಕೊಮ್ಮೆ ಒಂದೂವರೆ ನಿಮಿಷದಷ್ಟು ನಿಂತಲ್ಲೇ ವಿರಮಿಸುವುದನ್ನು ಅಭ್ಯಾಸ ಮಾಡಿಕೊಳ್ಳಬಹುದು. ಸಮಯ ನೋಡುವ ಹೊಣೆ ಶಸ್ತ್ರವೈದ್ಯರದಾಗಿರಬಾರದು, ಕೆಲಸದಲ್ಲಿ ಮುಳುಗಿದವರಿಗೆ ಅದು ನೆನಪಾಗದು. ಶುದ್ಧ ವಲಯದ ಹೊರಗಿರುವ ನರ್ಸ್ ಅದನ್ನು ಹೇಳಲಿ. ಕತ್ತರಿಸುವ ನಡುವೆಯೋ ರಕ್ತ ಒಸರುತ್ತಿರುವಾಗಲೋ ನಿಲ್ಲಿಸಬಾರದು, ಕ್ಲಿಪ್ ಹಾಕಿ ಮುಗಿದ ಮೇಲಿನಂಥ ಸುರಕ್ಷಿತ ಘಟ್ಟವನ್ನು ಆರಿಸಿಕೊಳ್ಳಬೇಕು. ಚೂಪು ತುದಿಯ ಉಪಕರಣಗಳನ್ನು ಹೊರತೆಗೆದು, ಗದ್ದವನ್ನು ಹಿಂದಕ್ಕೆಳೆದು, ಭುಜಗಳನ್ನು ಹಿಂದಕ್ಕೆ ತಿರುಗಿಸಿ, ಬೆರಳುಗಳನ್ನು ಪೂರ್ತಿ ಬಿಡಿಸಿ, ಹಿಮ್ಮಡಿಗಳನ್ನು ಕೆಲವು ಸಲ ಎತ್ತಿಳಿಸಿದರೆ ಸಾಕು. ಗವಸಿನ ಕೈಗಳು ಎದೆಯ ಮುಂದೆ, ಶುದ್ಧ ವಲಯದೊಳಗೇ ಇರಬೇಕು. ಹೆಬ್ಬೆರಳಿನ ಜೋಮು ಮರುದಿನ ಬೆಳಿಗ್ಗೆಯೂ ಇಳಿಯದಿದ್ದರೆ ಮುಂದಿನ ಶಸ್ತ್ರಚಿಕಿತ್ಸೆಗಳ ಪಟ್ಟಿಗೆ ಬೇರೆ ಹಿಡಿಕೆಯ ಉಪಕರಣ ಕೇಳಿ ಪಡೆಯಬೇಕು. ಆಗಲೂ ಮುಂದುವರಿದರೆ ಕೈಯನ್ನು ತಜ್ಞರಿಗೆ ತೋರಿಸಬೇಕು.