ತಪ್ಪಾಗಿ ಶಿಕ್ಷೆ ಆಗಿದ್ದರೆ ಕಾಯ್ತಾ ಕೂರಬೇಡಿ

ತಪ್ಪು ಶಿಕ್ಷೆಗಳನ್ನು ಮತ್ತೆ ಪರಿಶೀಲಿಸೋಕೆ ಬ್ರಿಟನ್‌ನಲ್ಲಿ 1997ರಿಂದ ಸ್ವತಂತ್ರ ಆಯೋಗ ಇದೆ. ನಮ್ಮಲ್ಲಿ ಇಲ್ಲ. ತಪ್ಪು ಮೊಕದ್ದಮೆಯಲ್ಲಿ ನೊಂದವರಿಗೆ ಪರಿಹಾರದ ಕಾನೂನು ಬೇಕು ಅಂತ ಕಾನೂನು ಆಯೋಗ ಹೇಳಿದ್ದು 2018ರಲ್ಲಿ. ಆ ಕಾನೂನು ಇನ್ನೂ ಬಂದಿಲ್ಲ, ಇಷ್ಟು ತಡ ನ್ಯಾಯವಲ್ಲ.

ನೀವು ಮಾತ್ರ ತಡ ಮಾಡಬೇಡಿ. ತೀರ್ಪು ಬಂದ ದಿನವೇ ಪ್ರತಿ ಕೇಳಿ, ಜೈಲು ಶಿಕ್ಷೆಯಾದವರಿಗೆ ಅದು ಪುಕ್ಕಟೆ. ಹುಬ್ಬಳ್ಳಿ, ಗದಗ, ಹಾವೇರಿ ಸೆಷನ್ಸ್ ಕೋರ್ಟಿನ ಜೈಲು ಶಿಕ್ಷೆಯಾದರೆ ಧಾರವಾಡದ ಹೈಕೋರ್ಟ್ ಪೀಠಕ್ಕೆ 60 ದಿನದೊಳಗೆ ಮೇಲ್ಮನವಿ ಹಾಕಬೇಕು. ನಮ್ಮ ಓಣಿಯ ಅಜ್ಜಿಯೊಬ್ಬರು ಮಗನ ತೀರ್ಪನ್ನು ಜೋಳದ ಡಬ್ಬಿಯಲ್ಲಿ ಜೋಪಾನವಾಗಿ ಇಟ್ಟಿದ್ದರು, ಗಡುವು ಇದೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಗಡುವು ಮೀರಿದ್ದರೂ ಕೈಬಿಡಬೇಡಿ, ತಡವಾದ ಕಾರಣ ಬರೆದು ವಿಳಂಬ ಮನ್ನಾ ಅರ್ಜಿಯನ್ನು ಮೇಲ್ಮನವಿ ಜೊತೆಗೇ ಹಾಕಿ. ದುಡ್ಡಿಲ್ವಾ? ಜೈಲಿನಲ್ಲಿರುವವರಿಗೆ ಸರ್ಕಾರಿ ಖರ್ಚಿನಲ್ಲೇ ವಕೀಲರು ಸಿಗ್ತಾರೆ, ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ.